ಅಪ್ಪನಿಗೊಂದು ರೀಲು

ನಮ್ಮ ಬಣಕಲ್ ಕಡೆ ಮೀನು ಹಿಡಿಯುವುದಕ್ಕೆ ದುಡ್ಡು ಖರ್ಚು ಮಾಡುವ ಪದ್ಧತಿ ಹಿಂದೆ ಇರಲಿಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆ ಕೆಂಪಾಗಿ, ಮೀನು ಹಳ್ಳ ಗದ್ದೆಗಳ ಕಡೆ ಹತ್ತಿ ಬರುವಾಗ ಬಿದಿರಿನ ಕೂಳಿ ಒಡ್ಡುತ್ತಿದ್ದರು. ಬೇಸಿಗೆಯಲ್ಲಿ ಹೇಮಾವತಿ ಇಳಿದು ಅಲ್ಲಲ್ಲಿ ಮಡುಗಳಷ್ಟೇ ಉಳಿದಾಗ ಗಾಳ. ಅದಕ್ಕೆ ಬೇಕಾದದ್ದು ಒಂದು ವಾಟೆ ಕೋಲು, ನಾಲ್ಕು ಮಾರು ನೈಲಾನ್ ದಾರ, ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಮಾಡಿದ ಬೆಂಡು, ಗೊಬ್ಬರಗುಂಡಿಯ ಎರೆಹುಳು. ಅಂಗಡಿಯಿಂದ ತರಬೇಕಾದದ್ದು ಕೊಕ್ಕೆ ಮಾತ್ರ. ಅದನ್ನೂ ಕಳೆದುಕೊಂಡರೆ ಅಪ್ಪ ಎರಡು ದಿನ ಬೇಜಾರು ಮಾಡಿಕೊಳ್ಳುತ್ತಿದ್ದರು.

ಹಾಗಾಗಿ ಮೀನಿನ ಸಾಮಾನಿಗೆಂದು ನಾನು ಮೂರು ಸಾವಿರ ರೂಪಾಯಿ ಎತ್ತಿಟ್ಟಿದ್ದೇನೆ ಎಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಅಮ್ಮ, 'ಮೂರು ಸಾವಿರಕ್ಕೆ ಎಷ್ಟು ಕೆ.ಜಿ. ಮೀನು ಬರ್ತದೆ ಲೆಕ್ಕ ಹಾಕಿದ್ಯಾ?' ಎಂದರು. ಲೆಕ್ಕ ನನಗೂ ಗೊತ್ತಿತ್ತು. ಮೂಡಿಗೆರೆಯ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುವವಳ ಸಂಬಳದಲ್ಲಿ ಮೂರು ಸಾವಿರ ಅಂದರೆ ಏನೆಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಾನು ಕೊಳ್ಳಲು ಹೊರಟದ್ದು ಮೀನನ್ನಲ್ಲ.

ಅಪ್ಪ ಕಾಫಿ ತೋಟವೊಂದರಲ್ಲಿ ಬಹಳ ವರ್ಷ ರೈಟರಾಗಿದ್ದವರು. ಬೆಳಗ್ಗೆ ಆಳುಗಳ ಹಾಜರಿ, ಸಂಜೆ ಕುಯ್ಲಿನ ತೂಕ, ರಾತ್ರಿ ಲೆಕ್ಕದ ಪುಸ್ತಕ. ಭಾನುವಾರ ಮಾತ್ರ ಗಾಳ. ನಿವೃತ್ತಿಯಾದ ಮೇಲೆ ವಾರವಿಡೀ ಭಾನುವಾರವೇ ಆಗಿತ್ತು. ಆಮೇಲೆ ಒಂದು ಚಳಿಗಾಲ, ತೋಟದಲ್ಲಿ ಕುಯ್ಲು ಜೋರಾಗಿ ನಡೆಯುತ್ತಿದ್ದಾಗ, ಅವರಿಗೆ ಲಕ್ವ ಹೊಡೆಯಿತು. ಕಾಲು ಬೇಗ ಸುಧಾರಿಸಿತು, ಮಾತು ನಿಧಾನಕ್ಕೆ ಸರಿಹೋಯಿತು. ಬಲಗೈ ಮಾತ್ರ ಅರ್ಧಕ್ಕೆ ನಿಂತಿತು. ತೋಳು ಏಳುತ್ತದೆ, ಬೆರಳು ಮಡಚುತ್ತದೆ. ಆದರೆ ಹಿಡಿತ ಇಲ್ಲ, ಬೆರಳ ತುದಿಗೆ ಸ್ಪರ್ಶವೂ ಸರಿಯಾಗಿ ತಿಳಿಯುವುದಿಲ್ಲ. ಬಿಸಿ ಲೋಟ ಹಿಡಿದು ಸುಟ್ಟುಕೊಂಡದ್ದು ಗುಳ್ಳೆ ಎದ್ದ ಮೇಲೆಯೇ ಗೊತ್ತಾಗುತ್ತಿತ್ತು.

ಗಾಳ ಹಾಕುವವರಿಗೆ ಬೆರಳು ಎಂದರೆ ಏನು ಎಂದು ವಿವರಿಸಬೇಕಾಗಿಲ್ಲ. ಬೆಂಡು ಅಲುಗುವ ಮೊದಲೇ ಅಪ್ಪನಿಗೆ ಮೀನು ಮೂತಿ ತಾಗಿಸಿದ್ದು ತಿಳಿಯುತ್ತಿತ್ತು. ಕಚ್ಚಿದ ಕೂಡಲೇ ಮಣಿಕಟ್ಟಿನಲ್ಲಿ ಒಂದು ಸಣ್ಣ ಎಳೆತ. ಆ ಎಳೆತ ಈಗ ಅವರ ಕೈಯಿಂದ ಆಗದು. ಮನೆಯ ಹಿಂದಿನ ಚಾವಡಿಯಲ್ಲಿ ವಾಟೆ ಕೋಲುಗಳು ಹೊಗೆ ಹಿಡಿದು ನಿಂತವು. ನನ್ನ ತಮ್ಮ ಒಂದು ದಿನ ಕೆರೆಗೆ ಕರೆದುಕೊಂಡು ಹೋಗಿ, ತಾನೇ ಗಾಳ ಹಾಕಿ, ಮೀನು ಕಚ್ಚಿದಾಗ ಕೋಲನ್ನು ಅವರ ಕೈಗೆ ಕೊಟ್ಟ. ಅಪ್ಪ ಕೋಲು ವಾಪಸು ಕೊಟ್ಟು ಮನೆಗೆ ಬಂದುಬಿಟ್ಟರು. 'ಬೇರೆಯವ್ರು ಹಿಡಿದ ಮೀನನ್ನ ಎಳೆಯೋದು ಎಂತ ಗಾಳ?' ಎಂದರು. ಆಮೇಲೆ ಯಾರು ಕರೆದರೂ ಹೋಗಲಿಲ್ಲ.

ಒಂದೇ ಕೈಯಲ್ಲಿ, ಬೇರೆ ಯಾರ ಸಹಾಯವೂ ಇಲ್ಲದೆ ಮೀನು ಹಿಡಿಯುವುದಕ್ಕೆ ಏನು ಬೇಕು ಎಂದು ನಾನು ಯೋಚಿಸತೊಡಗಿದ್ದು ಆಗ.

ಅಪ್ಪ ಹೋಗುತ್ತಿದ್ದ ತೋಟದ ಕೆರೆ ದೊಡ್ಡದೇನಲ್ಲ. ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ಸ್ಪ್ರಿಂಕ್ಲರ್ ಹಾಕಲು ಮಾಡಿದ ಕೆರೆ. ಸಾಹುಕಾರರು ಹಿಂದೊಮ್ಮೆ ಕಾಟ್ಲಾ, ರೋಹು ಮರಿ ಬಿಡಿಸಿದ್ದರು. ಈಗ ಅದರಲ್ಲಿ ಹೆಚ್ಚಾಗಿ ಇರುವುದು ಮೀಸೆ ಮೀನು. ನಮ್ಮ ನೀರಿನ ಗಿರ್ಲು ಇದೆ, ಕೈಗೆ ಚುಚ್ಚಿದರೆ ರಾತ್ರಿಯೆಲ್ಲ ಉರಿಯುವ ಚೇಳು ಮೀನು ಇದೆ. ಇವೆರಡನ್ನೂ ಮೀರಿ ಬೆಳೆದದ್ದು ಆಫ್ರಿಕಾ ಮೂಲದ ಕ್ಯಾಟ್‌ಫಿಶ್. ಅದರ ಸಾಕಣೆಗೆ ನಮ್ಮ ದೇಶದಲ್ಲಿ ನಿಷೇಧವಿದೆ, ಆದರೂ ಎಲ್ಲಿಂದಲೋ ಬಂದು ಸೇರಿಕೊಂಡಿದೆ. ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ಅಂಗವೂ ಇರುವುದರಿಂದ ಕೆಸರಿನಲ್ಲೂ ಬದುಕುತ್ತದೆ, ಒದ್ದೆ ಹುಲ್ಲಿನ ಮೇಲೆ ತೆವಳುತ್ತದೆ, ಸಿಕ್ಕ ಮರಿಮೀನನ್ನೆಲ್ಲ ನುಂಗುತ್ತದೆ. ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದರೆ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಆ ಕೆರೆಯಿಂದ ಅದನ್ನು ಎಷ್ಟು ಹಿಡಿದರೂ ಪಾಪವಲ್ಲ ಎಂದು ಸಾಹುಕಾರರೇ ಹೇಳಿದ್ದರು.

ಈ ಮೀನು ವಾಟೆ ಕೋಲಿಗೆ ಬಗ್ಗುವ ಜಾತಿಯಲ್ಲ. ಕೋಲಿನ ಗಾಳದಲ್ಲಿ ದಾರದ ಉದ್ದ ಕೋಲಿನಷ್ಟೇ. ಮೀನು ಓಡಿದರೆ ಕೊಡಲು ದಾರವಿಲ್ಲ. ಸಣ್ಣ ಮೀನಾದರೆ ಎತ್ತಿ ದಡಕ್ಕೆ ಎಸೆಯಬಹುದು. ಐದು ಕೆ.ಜಿ.ಯ ಮೀಸೆ ಮೀನು ತಳ ಹಿಡಿದು ಓಡಿದರೆ ಕೋಲು ಮುರಿಯಬೇಕು, ದಾರ ಹರಿಯಬೇಕು, ಇಲ್ಲವೇ ಮನುಷ್ಯ ನೀರಿಗಿಳಿಯಬೇಕು. ಎರಡು ಕೈ ಗಟ್ಟಿ ಇದ್ದಾಗ ಅಪ್ಪ ಮೂರನ್ನೂ ಮಾಡಿದ್ದರು.

ಇದಕ್ಕೆ ಮನುಷ್ಯರು ಬಹಳ ಹಿಂದೆಯೇ ಕಂಡುಕೊಂಡ ಉತ್ತರ ಚಕ್ರ. ದಾರವನ್ನು ಚಕ್ರಕ್ಕೆ ಸುತ್ತಿಟ್ಟುಕೊಂಡು, ಮೀನು ಎಳೆದಾಗ ಬಿಡುವುದು, ದಣಿದಾಗ ಸುತ್ತಿಕೊಳ್ಳುವುದು. ನಮ್ಮ ನಾಡಿನಲ್ಲೂ ಗಾಳ ಬರೀ ಬಡವರ ಹೊಟ್ಟೆಪಾಡಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನಿನ ಬಗೆಗಳು, ಯಾವ ಮೀನಿಗೆ ಯಾವ ಆಹಾರ, ಗಾಳ ಹಾಕುವ ಬಗೆ ಎಲ್ಲವನ್ನೂ ರಾಜನೊಬ್ಬ ಕೂತು ಬರೆದಿದ್ದಾನೆ. ಆಮೇಲೆ 1873ರಲ್ಲಿ, ಘಟ್ಟದ ಕೆಳಗೆ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್.ಎಸ್. ಥಾಮಸ್ ಎಂಬ ಆಂಗ್ಲ ಭಾರತದ ಗಾಳಗಾರಿಕೆಯ ಮೇಲೆ ಒಂದು ದೊಡ್ಡ ಪುಸ್ತಕ ಬರೆದ. 'ದಿ ರಾಡ್ ಇನ್ ಇಂಡಿಯಾ' ಎಂಬ ಆ ಪುಸ್ತಕ ಅಚ್ಚಾದದ್ದು ಮಂಗಳೂರಿನಲ್ಲಿ. ಇನ್ನು ನಮ್ಮ ಕಾಲಕ್ಕೆ ಬಂದರೆ, ಬಣಕಲ್ಲಿನಿಂದ ಕೆಲವೇ ಕಿಲೋಮೀಟರ್ ದೂರದ ಕೊಟ್ಟಿಗೆಹಾರದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವಿದೆ. 2007ರಲ್ಲಿ ತೀರಿಕೊಳ್ಳುವವರೆಗೂ ಮೂಡಿಗೆರೆಯಲ್ಲೇ ಇದ್ದ ತೇಜಸ್ವಿಯವರಿಗೆ ಗಾಳದ ಹುಚ್ಚು ಎಷ್ಟಿತ್ತು ಎಂದು ಕನ್ನಡ ಓದುವವರಿಗೆ ಹೇಳಬೇಕಾಗಿಲ್ಲ. ಅವರನ್ನು ಓದಿ ಗಾಳ ಕೊಂಡ ಹುಡುಗರು ಬಹಳ. ಆದರೆ ಒಂದು ಕೈ ಸೋತವನಿಗೆ, ಮೂರು ಸಾವಿರದೊಳಗೆ ಯಾವ ರೀಲು ಎಂಬ ನನ್ನ ಪ್ರಶ್ನೆಗೆ ರಾಜನೂ ಕಲೆಕ್ಟರನೂ ಉತ್ತರ ಬರೆದಿಟ್ಟಿರಲಿಲ್ಲ.

ರೀಲುಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಮೊದಲನೆಯದು ಗುಂಡಿ ಒತ್ತಿದರೆ ದಾರ ಬಿಡುವ, ಮುಚ್ಚಳ ಇರುವ ರೀಲು. ಒಂದೇ ಹೆಬ್ಬೆರಳಿನ ಕೆಲಸ, ಬೆಲೆಯೂ ಕಡಿಮೆ. ಕೈ ಸೋತವರಿಗೆ ಇದೇ ಸರಿ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಆದರೆ ಅದರೊಳಗೆ ಹಿಡಿಯುವ ದಾರ ಕಡಿಮೆ, ತೆಳುವಾದ ದಾರಕ್ಕೆ ಮಾಡಿದ್ದು, ಒಳಗಿನ ಹಲ್ಲುಗಳೂ ನಾಜೂಕು. ಸಣ್ಣ ಮೀನಿಗೆ ಸರಿ, ಮೀಸೆ ಮೀನಿಗಲ್ಲ. ಎರಡನೆಯದು ಕೋಲಿನ ಮೇಲ್ಭಾಗದಲ್ಲಿ ಕೂರುವ, ಉರುಳೆಯೇ ತಿರುಗುವ ರೀಲು. ದೊಡ್ಡ ಮೀನು ಎಳೆಯಲು ಇದರಷ್ಟು ಬಲ ಬೇರೆಯದಕ್ಕಿಲ್ಲ. ಆದರೆ ಎಸೆಯುವಾಗ ಹೆಬ್ಬೆರಳಿನಿಂದ ಉರುಳೆಯನ್ನು ಸವರುತ್ತಾ ತಡೆಯಬೇಕು, ಸ್ವಲ್ಪ ತಪ್ಪಿದರೆ ದಾರ ಹಕ್ಕಿಗೂಡಿನ ಹಾಗೆ ಸಿಕ್ಕಾಗುತ್ತದೆ. ಕಡಿಮೆ ಬೆಲೆಯದರಲ್ಲಂತೂ ಈ ಕಾಟ ಇನ್ನೂ ಹೆಚ್ಚು. ಮೇಲಾಗಿ ಇದರ ಹಿಡಿಕೆ ಎಡಕ್ಕೋ ಬಲಕ್ಕೋ ಕೊಳ್ಳುವಾಗಲೇ ನಿರ್ಧಾರವಾಗಿರುತ್ತದೆ, ಬದಲಿಸುವ ಹಾಗಿಲ್ಲ.

ಮೂರನೆಯದು ಸ್ಪಿನ್ನಿಂಗ್ ರೀಲು. ಕೋಲಿನ ಕೆಳಗೆ ನೇತಾಡುವ, ಎಲ್ಲ ಕಡೆ ಕಾಣಸಿಗುವ ರೀಲು ಇದೇ. ಇದರ ಉರುಳೆ ದಾರ ಬಿಡುವಾಗ ತಿರುಗುವುದಿಲ್ಲ, ನೂಲಿನ ಕಂಡಿಕೆಯಿಂದ ಎಳೆ ಜಾರಿದ ಹಾಗೆ ತುದಿಯಿಂದ ದಾರ ಜಾರಿ ಹೋಗುತ್ತದೆ. ಈ ಹೋಲಿಕೆ ಸುಮ್ಮನೆ ಬಂದದ್ದಲ್ಲ. 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಆಲ್ಫ್ರೆಡ್ ಇಲಿಂಗ್‌ವರ್ತ್ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಕಡೆಯ ನೂಲಿನ ಗಿರಣಿಯ ಮನೆತನದವನು. ಗಿರಣಿಯಲ್ಲಿ ಕಂಡದ್ದನ್ನು ಹೊಳೆಗೆ ತಂದ. ಇದರಲ್ಲಿ ಹಿಡಿಕೆಯನ್ನು ಬಿಚ್ಚಿ ಎಡಕ್ಕಾದರೂ ಹಾಕಬಹುದು, ಬಲಕ್ಕಾದರೂ ಹಾಕಬಹುದು. ನನಗೆ ಬೇಕಾದದ್ದು ಅದು. ಕೋಲಿನ ಬುಡವನ್ನು ಬಲ ಕಂಕುಳಲ್ಲಿ ಅದುಮಿಕೊಂಡು, ಮುಂದಕ್ಕೆ ಕವೆ ಕೋಲಿನ ಆಸರೆ ಕೊಟ್ಟು, ಎಡಗೈಯಲ್ಲಿ ಸುತ್ತಬಹುದು. ಬಲ ಬೆರಳುಗಳಿಗೆ ಕೆಲಸವೇ ಇಲ್ಲ.

ಬಗೆ ಗೊತ್ತಾದ ಮೇಲೆ ಉಳಿದದ್ದು ಬೆಲೆಯ ಪ್ರಶ್ನೆ. ಇಲ್ಲಿ ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಓದಲು ಕಲಿಯಬೇಕು. ಬೇರಿಂಗ್ ಎಷ್ಟು ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಹತ್ತು, ಹನ್ನೆರಡು, ಹದಿಮೂರು. ಕಡಿಮೆ ಬೆಲೆಯ ರೀಲಿನಲ್ಲಿ ಹದಿಮೂರು ಕಳಪೆ ಬೇರಿಂಗಿಗಿಂತ ಮೂರು ಒಳ್ಳೆಯ ಬೇರಿಂಗ್ ಮೇಲು. ಸಣ್ಣ ಅಕ್ಷರದಲ್ಲಿ 4.9:1, 6.2:1 ಎಂದೇನೋ ಇರುತ್ತದೆ, ನೋಡಬೇಕಾದದ್ದು ಅದನ್ನು. ಹಿಡಿಕೆ ಒಂದು ಸುತ್ತು ತಿರುಗಿದರೆ ದಾರ ಎಷ್ಟು ಸುತ್ತು ಸುತ್ತಿಕೊಳ್ಳುತ್ತದೆ ಎಂಬ ಲೆಕ್ಕ ಅದು. ಸೈಕಲ್ಲಿನ ಗೇರಿನ ಹಾಗೆ, ಅಂಕಿ ಹೆಚ್ಚಾದರೆ ವೇಗ, ಕಡಿಮೆಯಾದರೆ ಬಲ. ಏರು ಹತ್ತುವಾಗ ಯಾವ ಗೇರು ಬೇಕೋ ಮೀಸೆ ಮೀನಿಗೂ ಅದೇ ಬೇಕು. ಸೈಕಲ್ಲಿನ ಮಾತು ಬಂತು ಎಂದು ಹೇಳುತ್ತೇನೆ, ಜಪಾನಿನ ಶಿಮಾನೊ 1921ರಲ್ಲಿ ಶುರುವಾದದ್ದೇ ಸೈಕಲ್ಲಿನ ಫ್ರೀವೀಲ್ ಮಾಡಲು, ಮೀನಿನ ರೀಲಿಗೆ ಕೈಹಾಕಿದ್ದು ಎಷ್ಟೋ ದಶಕಗಳ ಮೇಲೆ. ಎರಡರ ಒಳಗೂ ಇರುವುದು ಹಲ್ಲಿನ ಚಕ್ರಗಳೇ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಪೆಟ್ಟಿಗೆಯ ಮೇಲೆ ಸರಿಯಾಗಿ ಬರೆದೇ ಇರುವುದಿಲ್ಲ. ಅದು ಡ್ರ್ಯಾಗ್. ಉರುಳೆಯ ತುದಿಯಲ್ಲಿ ಒಂದು ತಿರುಪು ಇರುತ್ತದೆ, ಅದರ ಕೆಳಗೆ ಒಂದರ ಮೇಲೊಂದು ವಾಷರ್‌ಗಳು. ತಿರುಪು ಬಿಗಿ ಮಾಡಿದಷ್ಟೂ ವಾಷರ್‌ಗಳು ಒತ್ತಿಕೊಂಡು ಉರುಳೆಯನ್ನು ತಡೆಯುತ್ತವೆ. ಮೀನಿನ ಎಳೆತ ನಾವು ಇಟ್ಟ ಮಿತಿ ದಾಟಿದರೆ ಉರುಳೆ ಕಿರ್ರೆಂದು ಜಾರಿ ದಾರ ಬಿಡುತ್ತದೆ, ಎಳೆತ ಕಡಿಮೆಯಾದರೆ ನಿಲ್ಲುತ್ತದೆ. ಕೆಟ್ಟ ಡ್ರ್ಯಾಗ್ ಜಾರುವುದಿಲ್ಲ, ತಡೆತಡೆದು ಜಗ್ಗುತ್ತದೆ. ದಾರ ಹರಿಯುವುದು ಆ ಜಗ್ಗುವಿಕೆಯಲ್ಲಿ. ಕೈಯಲ್ಲಿ ಬಲ ಇದ್ದವರು ಕೆಟ್ಟ ಡ್ರ್ಯಾಗಿನ ರೀಲಿನಲ್ಲೂ ಕೋಲು ಬಗ್ಗಿಸಿ, ಮೈ ಬಗ್ಗಿಸಿ ಸುಧಾರಿಸಿಕೊಳ್ಳಬಹುದು. ಕೈ ಸೋತವರಿಗೆ ಡ್ರ್ಯಾಗೇ ಕೈ. ಹಾಗಾಗಿ ಇರುವ ದುಡ್ಡನ್ನು ಹೊಳಪಿಗೆ, ಬಣ್ಣಕ್ಕೆ, ಬೇರಿಂಗಿನ ಸಂಖ್ಯೆಗೆ ಹಾಕದೆ ಡ್ರ್ಯಾಗಿಗೆ ಹಾಕಬೇಕು ಎಂದು ತೀರ್ಮಾನಿಸಿದೆ.

ದಾರದ್ದು ಇನ್ನೊಂದು ಕತೆ. 1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ವ್ಯಾಲೇಸ್ ಕ್ಯಾರೊದರ್ಸ್ ನೈಲಾನ್ ಮಾಡುವವರೆಗೆ ಶ್ರೀಮಂತರ ಗಾಳಕ್ಕೆ ರೇಷ್ಮೆ, ಬಡವರ ಗಾಳಕ್ಕೆ ನಾರು. ಈಗ ಅಂಗಡಿಯಲ್ಲಿ ಮುಖ್ಯವಾಗಿ ಸಿಗುವುದು ಎರಡು. ಒಂದೇ ಎಳೆಯ ನೈಲಾನ್ ಒಂದು, ಅತಿ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದ ದಾರ ಇನ್ನೊಂದು. ಹೆಣೆದ ದಾರ ತೆಳ್ಳಗಿದ್ದೂ ಬಹಳ ಗಟ್ಟಿ, ಹಿಗ್ಗುವುದೇ ಇಲ್ಲ ಎನ್ನಬಹುದು, ಬೆಲೆ ಕೆಲವು ಪಟ್ಟು ಜಾಸ್ತಿ. ಎಲ್ಲ ಹುಡುಗರೂ ಈಗ ಅದನ್ನೇ ಹೊಗಳುತ್ತಾರೆ. ಆದರೆ ಕಲ್ಲಿಗೆ ಉಜ್ಜಿದರೆ ಅದು ಬೇಗ ಸೋಲುತ್ತದೆ, ಬರೀ ಉರುಳೆಗೆ ಸುತ್ತಿದರೆ ಜಾರುತ್ತದೆ, ಎಳೆತದಲ್ಲಿ ಬೆರಳಿಗೆ ಸಿಕ್ಕಿದರೆ ಬ್ಲೇಡಿನ ಹಾಗೆ ಕುಯ್ಯುತ್ತದೆ. ಈ ಕೊನೆಯದೇ ನನಗೆ ಸಾಕಾಯಿತು. ಬಿಸಿ ಲೋಟ ಸುಟ್ಟದ್ದು ತಿಳಿಯದ ಬೆರಳಿಗೆ ದಾರ ಕುಯ್ದದ್ದು ತಿಳಿಯುತ್ತದೆಯೇ?

ನೈಲಾನ್ ಹಿಗ್ಗುತ್ತದೆ. ಕೆಲವರು ಅದನ್ನು ದೋಷ ಎನ್ನುತ್ತಾರೆ. ಆದರೆ ಮೀನು ಒಮ್ಮೆಲೇ ಜಗ್ಗಿದಾಗ ಆ ಹಿಗ್ಗೇ ಪೆಟ್ಟನ್ನು ನುಂಗಿಕೊಳ್ಳುತ್ತದೆ. ನೀರಿನಲ್ಲಿದ್ದರೆ ಸ್ವಲ್ಪ ನೀರು ಹೀರಿ ಬಲ ಕುಗ್ಗುತ್ತದೆ, ಬಿಸಿಲಿಗೆ ಹಳತಾಗುತ್ತದೆ, ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಬದಲಿಸುವಷ್ಟು ಅಗ್ಗವೂ ಹೌದು. ದಪ್ಪದ ವಿಚಾರಕ್ಕೆ ಬಂದರೆ, ದೊಡ್ಡ ಮೀನಿಗೆ ದಪ್ಪ ದಾರ ಎಂದುಕೊಂಡು ಸುಮ್ಮನೆ ಕೊಳ್ಳುವ ಹಾಗಿಲ್ಲ. ಉರುಳೆಯಲ್ಲಿ ಜಾಗ ಇಷ್ಟೇ ಎಂದು ಇರುತ್ತದೆ, ಮತ್ತು ದಾರ ತೆಗೆದುಕೊಳ್ಳುವ ಜಾಗ ಅದರ ದಪ್ಪದ ವರ್ಗದಂತೆ ಏರುತ್ತದೆ. 0.35 ಮಿ.ಮೀ. ದಾರ 150 ಮೀಟರ್ ಹಿಡಿಯುವ ಉರುಳೆಗೆ 0.50 ಮಿ.ಮೀ. ದಾರ 75 ಮೀಟರ್ ಕೂಡ ಹಿಡಿಯದು. ಒಂಬತ್ತನೇ ತರಗತಿಯ ಮಕ್ಕಳಿಗೆ ಈ ಲೆಕ್ಕವನ್ನೇ ಕೊಟ್ಟೆ. ಒಬ್ಬ ಹುಡುಗ ಬಿಡಿಸಿ ಮುಗಿಸಿ, 'ಮಿಸ್, ಯಾವ ಕೆರೆ?' ಎಂದು ಕೇಳಿದ.

ರಜೆಯ ಒಂದು ದಿನ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋದೆ. ಆನ್‌ಲೈನಿನಲ್ಲಿ ಸಾವಿರ ರೂಪಾಯಿಗೆ ಕೋಲು, ರೀಲು, ದಾರ, ಕೊಕ್ಕೆ, ಚೀಲ ಎಲ್ಲ ಸೇರಿದ ಸೆಟ್ಟುಗಳು ಸಿಗುತ್ತವೆ. ಚಿಕ್ಕಪ್ಪನ ಮಗ ತರಿಸಿಕೊಂಡದ್ದನ್ನು ನೋಡಿದ್ದೆ. ಕೋಲು ಪರವಾಗಿರಲಿಲ್ಲ. ರೀಲಿನ ಡ್ರ್ಯಾಗ್ ತಿರುಪನ್ನು ಎಷ್ಟು ತಿರುಗಿಸಿದರೂ ಒಂದೋ ಪೂರ್ತಿ ಸಡಿಲ, ಇಲ್ಲ ಪೂರ್ತಿ ಬಿಗಿ. ಕೈಯಲ್ಲಿ ಹಿಡಿದು ನೋಡದೆ ಕೊಳ್ಳುವ ವಸ್ತು ಇದಲ್ಲ ಅನ್ನಿಸಿತ್ತು.

ಬಂದರಿನ ಕಡೆಯ ಒಂದು ಸಣ್ಣ ಅಂಗಡಿ. ಬಲೆ, ಹಗ್ಗ, ಸೀಸದ ಗುಂಡುಗಳ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ರೀಲುಗಳು. ಅಂಗಡಿಯವರಿಗೆ ಅರವತ್ತು ದಾಟಿರಬಹುದು.

'ಎಷ್ಟರ ಒಳಗೆ ಬೇಕು ಅಕ್ಕ?' ಎಂದರು.

'ಎಲ್ಲ ಸೇರಿ ಮೂರು ಸಾವಿರ.'

'ಸಮುದ್ರಕ್ಕಾ?'

'ಅಲ್ಲ, ಕೆರೆಗೆ. ಮೀಸೆ ಮೀನಿಗೆ. ಅಪ್ಪನಿಗೆ. ಅವರಿಗೆ ಬಲಗೈ ಸ್ವಲ್ಪ ಕಷ್ಟ.'

ಅವರು ಮುಂದೆ ಏನೂ ಕೇಳಲಿಲ್ಲ. ಹೊಳೆಯುವ ನಾಲ್ಕನ್ನು ಬದಿಗಿಟ್ಟು, ಕಪ್ಪು ಬಣ್ಣದ ಎರಡನ್ನು ಮುಂದಿಟ್ಟರು. ಎರಡೂ 4000 ಎಂಬ ಅಳತೆಯವು. ಒಂದರ ಹಿಡಿಕೆಯ ತುದಿ ಚಪ್ಪಟೆ, ಇನ್ನೊಂದರದ್ದು ನಿಂಬೆಹಣ್ಣಿನ ಹಾಗೆ ಗುಂಡಗೆ. 'ಗುಂಡಿನದ್ದು ತಗೊಳ್ಳಿ. ಮುಷ್ಟಿಯಲ್ಲಿ ಹಿಡಿಯಬಹುದು, ಬೆರಳು ಬೇಡ' ಎಂದರು. ನಾನು ಇಷ್ಟೆಲ್ಲ ಓದಿ ಲೆಕ್ಕ ಹಾಕಿದ್ದರಲ್ಲಿ ಹಿಡಿಕೆಯ ತುದಿಯ ಆಕಾರ ಎಲ್ಲೂ ಬಂದಿರಲಿಲ್ಲ. ಅಂಗಡಿಯವರು ರೀಲಿಗೆ ದಾರ ಕಟ್ಟಿ, ತುದಿಯನ್ನು ನನ್ನ ಕೈಗೆ ಕೊಟ್ಟು, ಡ್ರ್ಯಾಗನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಎಳೆಯಲು ಹೇಳಿದರು. ಬೆಣ್ಣೆಯಿಂದ ಎಳೆದ ಹಾಗೆ ಬಂತು. ಇನ್ನೊಂದರಲ್ಲಿ ಸಣ್ಣ ಜರ್ಕು ಇತ್ತು. ಇನ್ನೊಂದಕ್ಕೆ ಇನ್ನೂರು ರೂಪಾಯಿ ಜಾಸ್ತಿ ಬೇರೆ.

ರೀಲು 1450, ಏಳು ಅಡಿಯ ಗಟ್ಟಿ ಫೈಬರ್ ಕೋಲು 900, ದಾರ 320, ಕೊಕ್ಕೆ, ಸೀಸ, ತಿರುಗುಣಿ ಎಲ್ಲ ಸೇರಿ 180. ಒಟ್ಟು 2850. ದಾರ 0.35 ಮಿ.ಮೀ.ಯದ್ದು, 18 ಪೌಂಡ್ ಎಂದು ಬರೆದಿತ್ತು, ಅಂದರೆ ಹತ್ತಿರಹತ್ತಿರ 8 ಕೆ.ಜಿ. ಎಳೆತ ತಡೆಯುತ್ತದೆ. ಕೊಕ್ಕೆ ಮಾಮೂಲಿನದ್ದಲ್ಲ, ತುದಿ ಒಳಕ್ಕೆ ಬಾಗಿ ಪೂರ್ತಿ ವೃತ್ತದ ಹಾಗೆ ಕಾಣುವಂಥದ್ದು. ಮೀನು ನುಂಗಿ ತಿರುಗಿ ಹೊರಟಾಗ ಅದು ತಾನಾಗಿ ಜಾರಿ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ನಾವು ಎಳೆದರೆ ಬದಲಿಗೆ ತಪ್ಪಿಹೋಗುತ್ತದೆ. ಸುಮ್ಮನೆ ಸುತ್ತುತ್ತಾ ದಾರ ಬಿಗಿ ಮಾಡಿದರೆ ಸಾಕು. ಅಪ್ಪನ ಮಣಿಕಟ್ಟಿನ ಆ ಸಣ್ಣ ಎಳೆತ, ಯಾವುದು ಇಲ್ಲವೆಂದು ಅವರು ಕೋಲು ಕೈಬಿಟ್ಟಿದ್ದರೋ, ಅದು ಈ ಕೊಕ್ಕೆಗೆ ಬೇಡವೇ ಬೇಡ. ಮಿಕ್ಕ ನೂರೈವತ್ತು ಬಸ್ಸಿನ ಜೊತೆ ಸೇರಿತು.

ಅಪ್ಪ ಪೆಟ್ಟಿಗೆ ಬಿಚ್ಚಿ ನೋಡಿ, 'ಇದೆಲ್ಲ ಪ್ಯಾಟೆಯವ್ರ ಆಟ ಮಾರಾಯ್ತಿ' ಎಂದು ಮೇಜಿನ ಮೇಲಿಟ್ಟರು. ಎರಡು ದಿನ ಮುಟ್ಟಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಮೂರನೆಯ ದಿನ ಡ್ರ್ಯಾಗ್ ಸರಿ ಮಾಡಲು ಅಂಗಳದಲ್ಲಿ ಕೂತೆ. ದಾರದ ಬಲದ ಕಾಲು ಭಾಗಕ್ಕೆ ಡ್ರ್ಯಾಗ್ ಜಾರಬೇಕು ಎಂಬುದು ರೂಢಿಯ ಲೆಕ್ಕ. 8 ಕೆ.ಜಿ.ಯ ಕಾಲು ಭಾಗ 2 ಕೆ.ಜಿ. ಎರಡು ಲೀಟರ್ ಬಾಟಲಿಗೆ ನೀರು ತುಂಬಿ ದಾರದ ತುದಿಗೆ ಕಟ್ಟಿ ಎತ್ತಿದೆ. ಬಾಟಲಿ ಎದ್ದು ನಿಂತರೆ ಬಿಗಿ ಜಾಸ್ತಿ, ಸರ್ರನೆ ಬಿದ್ದರೆ ಕಡಿಮೆ, ಮೆಲ್ಲಗೆ ಇಳಿಯತೊಡಗಿದರೆ ಸರಿ.

ಅಪ್ಪ ಜಗಲಿಯಿಂದ ನೋಡುತ್ತಿದ್ದರು. ಇಡೀ ಜೀವಮಾನ ತಕ್ಕಡಿಯ ಮುಂದೆ ನಿಂತು ಕಾಫಿ ಹಣ್ಣು ತೂಗಿಸಿದವರು. 'ಎರಡು ಕೆ.ಜಿ.ಗೆ ಬಿಟ್ಟುಬಿಟ್ರೆ ಐದು ಕೆ.ಜಿ. ಮೀನು ಹೇಗೆ ಬರ್ತದೆ?' ಎಂದರು.

'ಮೀನು ನೀರಲ್ಲಿ ಐದು ಕೆ.ಜಿ. ಇರಲ್ಲಪ್ಪ, ನೀರೇ ಅದನ್ನ ಎತ್ತಿಕೊಂಡಿರ್ತದೆ. ಅದು ಓಡುವಾಗ ಬಿಡೋದು, ಸುಸ್ತಾದಾಗ ಸುತ್ತೋದು. ಎರಡು ಕೆ.ಜಿ.ಯ ಹೊರೆ ಎಳ್ಕೊಂಡು ಎಷ್ಟು ಹೊತ್ತು ಓಡ್ತದೆ?'

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕೊಡಿಲ್ಲಿ' ಎಂದು ಎಡಗೈ ಚಾಚಿದರು. ಬಾಟಲಿ ಕಟ್ಟಿದ ದಾರವನ್ನು ಎಡಗೈಯ ತೋರುಬೆರಳ ಮೇಲೆ ಹಾಯಿಸಿಕೊಂಡು ಕಣ್ಣು ಮುಚ್ಚಿದರು. ಬೆಂಡಿನ ಕಾಲದಲ್ಲಿ ಬಲ ಬೆರಳಿನಲ್ಲಿ ಮಾಡುತ್ತಿದ್ದದ್ದು ಅದನ್ನೇ. ಆಮೇಲೆ ಏನೂ ಹೇಳದೆ ಬಾಟಲಿಯನ್ನು ಇಳಿಸಿದರು, ಸುತ್ತಿದರು, ಮತ್ತೆ ಇಳಿಸಿದರು. ಅಂದು ಸಂಜೆಯವರೆಗೆ ಅಂಗಳದಲ್ಲಿ ಬಾಟಲಿ ಏರುತ್ತಾ ಇಳಿಯುತ್ತಾ ಇತ್ತು. ಅಮ್ಮ ಒಳಗಿಂದ ನನ್ನ ಮುಖ ನೋಡಿ ಏನೋ ಹೇಳಬೇಕೆಂದವರು ಸುಮ್ಮನಾದರು.

ಕೆರೆಯಲ್ಲಿ ಮೊದಲ ಮೂರು ವಾರ ಏನೂ ಸಿಗಲಿಲ್ಲ. ಎಡಗೈಯಲ್ಲಿ ಎಸೆಯಲು ಕಲಿಯುವುದೇ ಒಂದು ಕೆಲಸವಾಗಿತ್ತು. ಸೀಸ ಒಮ್ಮೆ ಹಿಂದಿನ ಸಿಲ್ವರ್ ಓಕ್ ಮರಕ್ಕೆ, ಒಮ್ಮೆ ಕಾಲ ಬುಡಕ್ಕೆ. ತಮ್ಮ ಎಸೆದು ಕೊಡುತ್ತೇನೆ ಎಂದ, ಅಪ್ಪ ಒಪ್ಪಲಿಲ್ಲ. ಹತ್ತು ಮೀಟರ್ ಹೋದರೆ ಹತ್ತೇ ಮೀಟರ್. ಮೀಸೆ ಮೀನು ರಾತ್ರಿಯಾದರೆ ದಡದ ಹತ್ತಿರವೇ ಬರುತ್ತದೆ, ದೂರ ಎಸೆದು ಯಾರಿಗೆ ತೋರಿಸಬೇಕು ಎಂದರು. ಈ ಜಾತಿಯ ಮೀನಿಗೆ ಕಣ್ಣು ಅಷ್ಟಕ್ಕಷ್ಟೆ. ಮೀಸೆಯಲ್ಲಷ್ಟೇ ಅಲ್ಲ, ಚರ್ಮದಲ್ಲೂ ರುಚಿ ತಿಳಿಯುವ ಮೊಗ್ಗುಗಳಿವೆ, ಮೈಯೆಲ್ಲ ನಾಲಿಗೆ ಎಂದರೂ ಸರಿಯೇ. ಕೋಳಿ ಕರುಳಿನ ವಾಸನೆಗೆ ಕೆಸರಲ್ಲಿ ದಾರಿ ಹುಡುಕಿಕೊಂಡು ಬರುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅಪ್ಪ ಓದದೆಯೇ ಕೋಳಿ ಅಂಗಡಿಯವನಿಗೆ ಹೇಳಿಟ್ಟಿದ್ದರು.

ನಾಲ್ಕನೇ ವಾರ, ಮಬ್ಬುಗತ್ತಲಲ್ಲಿ, ಕವೆಯ ಮೇಲಿನ ಕೋಲು ಬಾಗಿತು. ಅಪ್ಪ ಎಳೆಯಲಿಲ್ಲ. ಕಂಕುಳಿಗೆ ಕೋಲು ಸೇರಿಸಿಕೊಂಡು ಎರಡು ಸುತ್ತು ಸುತ್ತಿದರು. ರೀಲು ಕಿರ್ರೆಂದಿತು. ನಾನು ಹತ್ತು ಅಡಿ ಹಿಂದೆ ನಿಂತಿದ್ದೆ. ಹತ್ತಿರ ಹೋಗಬಾರದು ಎಂದು ಅವರೇನೂ ಹೇಳಿರಲಿಲ್ಲ. ದಾರ ಹೋಯಿತು, ನಿಂತಿತು, ಸುತ್ತಿಕೊಂಡಿತು, ಮತ್ತೆ ಹೋಯಿತು. ಎಷ್ಟು ಹೊತ್ತು ಎಂದು ಗಡಿಯಾರ ನೋಡಲಿಲ್ಲ. ಮೀನು ದಡದ ಕೆಸರಿಗೆ ಬಂದಾಗ ಅಪ್ಪ ಕೋಲು ಕೆಳಗಿಟ್ಟು, ಎಡಗೈಯಿಂದ ರೆಕ್ಕೆಯ ಮುಳ್ಳು ತಪ್ಪಿಸಿ ಕಿವಿರಿನ ಹಿಂದೆ ಹಿಡಿದು ಎತ್ತಿದರು. ಮನೆಯ ತಕ್ಕಡಿಯಲ್ಲಿ ಮೂರು ಕೆ.ಜಿ. ಮುನ್ನೂರು ಗ್ರಾಂ. ತೂಕವನ್ನು ಅಪ್ಪ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಎಡಗೈಯಲ್ಲೇ ಬರೆದರು. ಅಕ್ಷರ ಒಂದನೇ ತರಗತಿಯ ಮಗುವಿನದ್ದರ ಹಾಗಿತ್ತು. ರೈಟರ ಕೈಬರಹ ಮುತ್ತಿನಂತಿತ್ತು ಎಂದು ಊರಲ್ಲಿ ಈಗಲೂ ಹೇಳುತ್ತಾರೆ. ಅವರು ಈ ಅಕ್ಷರವನ್ನು ನೋಡಿ ನಾಚಿಕೊಳ್ಳಲಿಲ್ಲ ಎಂಬುದನ್ನು ನಾನು ಗಮನಿಸಿದೆ.

ಅಗ್ಗದ ರೀಲು ಕೊಳ್ಳಲು ಹೊರಟವರು ನನ್ನನ್ನು ಈಗ ಕೇಳುತ್ತಾರೆ, ಎಷ್ಟು ಕೆ.ಜಿ. ಎಳೆಯುತ್ತದೆ ಎಂದು. ನಾನು ಎಷ್ಟು ಚೆನ್ನಾಗಿ ಬಿಡುತ್ತದೆ ಎಂದು ನೋಡಿ ಎನ್ನುತ್ತೇನೆ. ಕಡಿಮೆ ದುಡ್ಡಿನಲ್ಲಿ ಬಲ ಕೊಳ್ಳಲು ಆಗುವುದಿಲ್ಲ. ದಾರ ಹೊಸದಿರಲಿ, ಡ್ರ್ಯಾಗ್ ನಯವಾಗಿರಲಿ, ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಿ, ಒಣ ಗಂಟು ಬಿಸಿಯಾಗಿ ದಾರವನ್ನು ಸುಡುತ್ತದೆ. ಉಳಿದದ್ದೆಲ್ಲ ಆಮೇಲೆ. ಮುಖ್ಯವಾಗಿ, ದಾರ ಹರಿದರೆ ನಮಗೆ ಹೋಗುವುದು ಹತ್ತು ರೂಪಾಯಿ ಕೊಕ್ಕೆ. ಮೀನು ಬಾಯಲ್ಲಿ ಕಬ್ಬಿಣವನ್ನೂ ಬೆನ್ನ ಹಿಂದೆ ದಾರವನ್ನೂ ಎಳೆದುಕೊಂಡು ಬದುಕಬೇಕು. ಕಳಪೆ ಸಾಮಾನಿನ ಪೂರ್ತಿ ಬೆಲೆ ಕೊಡುವುದು ಅದು.

ಎಲ್ಲಿ ಗಾಳ ಹಾಕುತ್ತೇವೆ ಎಂಬುದೂ ಮುಖ್ಯ. ಇದು ಖಾಸಗಿ ಕೆರೆ, ಸಾಹುಕಾರರ ಒಪ್ಪಿಗೆ ಇದೆ. ಹೊಳೆ, ಜಲಾಶಯಗಳಿಗೆ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ಅದಕ್ಕೆಂದೇ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ. ಶೃಂಗೇರಿಯ ತುಂಗೆಯಲ್ಲಿ, ಘಟ್ಟದ ಕೆಳಗಿನ ಶಿಶಿಲದಲ್ಲಿ ಮೀನು ದೇವರ ಮೀನು, ಅಕ್ಕಿ ಹಾಕಿ ಕೈಮುಗಿದು ಬರುವುದಷ್ಟೆ. ಮಳೆಗಾಲದಲ್ಲಿ ಮೊಟ್ಟೆ ಹೊತ್ತು ಹತ್ತಿ ಬರುವ ಮೀನನ್ನು ಹಿಂದೆ ಎಲ್ಲರೂ ಹಿಡಿಯುತ್ತಿದ್ದರು. ಆಗ ಹೊಳೆಯಲ್ಲಿ ಮೀನಿತ್ತು. ಈಗ ತೋಟೆ ಸಿಡಿಸುವವರು, ಬ್ಲೀಚಿಂಗ್ ಪೌಡರ್ ಸುರಿಯುವವರು, ಪಲ್ಪರಿನ ಕೊಳೆ ನೀರು ಹಳ್ಳಕ್ಕೆ ಬಿಡುವವರು ಎಲ್ಲರೂ ಸೇರಿ ಉಳಿಸಿದ್ದು ಸ್ವಲ್ಪವೇ. ಗಿರ್ಲು ಸಿಕ್ಕರೆ ಅಪ್ಪ ಈಗ ವಾಪಸು ಬಿಡುತ್ತಾರೆ. ಬಾಯಿಯ ಮೂಲೆಗೆ ಮಾತ್ರ ಸಿಕ್ಕುವ ಆ ಕೊಕ್ಕೆ ಇಲ್ಲಿಯೂ ಒದಗಿತು, ಬಿಡಿಸಿದ ಮೀನು ಬದುಕುತ್ತದೆ.

ಮೊನ್ನೆ ಮಳೆಗಾಲ ಮುಗಿದು ಬಿಸಿಲು ಬಿದ್ದಾಗ ಅಪ್ಪ ರೀಲಿನ ಹಳೇ ದಾರವನ್ನೆಲ್ಲ ಬಿಚ್ಚಿದರು. ಅದನ್ನು ಹಾಗೇ ಎಸೆಯಲಿಲ್ಲ. ಹಿಂದೊಮ್ಮೆ ಕೆರೆ ದಂಡೆಯ ಕೊಂಬೆಯಲ್ಲಿ ಯಾರೋ ಬಿಟ್ಟ ನೈಲಾನ್ ದಾರಕ್ಕೆ ಸಿಕ್ಕಿ ಒಂದು ಮಿಂಚುಳ್ಳಿ ಸತ್ತದ್ದನ್ನು ಅವರು ಕಂಡಿದ್ದರು. ಕತ್ತರಿಯನ್ನು ಎಡಗೈಯಲ್ಲಿ ಹಿಡಿದು, ಬಲ ಅಂಗೈಯನ್ನು ದಾರದ ಮೇಲೆ ಒತ್ತಿಟ್ಟು, ಬೆರಳುದ್ದದ ತುಂಡುಗಳಾಗಿ ಕತ್ತರಿಸಿ ಕಾಗದದಲ್ಲಿ ಸುತ್ತಿದರು. ಆಮೇಲೆ ಅಂಗಿ ಜೇಬಿನಿಂದ ನಾಲ್ಕು ನೂರರ ನೋಟು ತೆಗೆದು ನನ್ನ ಮುಂದಿಟ್ಟರು.

'ಮುಂದಿನ ಸಲ ಮಂಗ್ಳೂರಿಗೆ ಹೋದಾಗ ದಾರ ತಗೊಂಬಾ. 0.40 ಸಿಕ್ರೆ ನೋಡು. ಎಷ್ಟು ಮೀಟರ್ ಹಿಡೀತದೆ ಅಂತ ಲೆಕ್ಕ ಹಾಕಿದ್ದೀನಿ, ನೂರು ದಾಟ್ತದೆ, ನಮ್ಮ ಕೆರೆಗೆ ಸಾಕು. ಚಿಲ್ಲರೆ ವಾಪಸು ಕೊಡು.'